ಒಂದು ಬೇರು, ನಾಲ್ಕು ರೂಪ

‘ಡಿಸೈಡ್’, ‘ಡಿಸಿಷನ್’, ‘ಡಿಸೈಸಿವ್’, ‘ಡಿಸೈಸಿವ್ಲಿ’ – ಇವನ್ನು ನಾಲ್ಕು ಬೇರೆ ಪದಗಳಂತೆ ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಅನ್ಯಾಯ. ಕ್ರಿಯಾಪದದ ಬೇರಿಗೆ ‘ಷನ್’ ಸೇರಿದರೆ ಸಾಮಾನ್ಯವಾಗಿ ನಾಮಪದ, ‘ಇವ್’ ಸೇರಿದರೆ ಗುಣವಾಚಕ. ಅದರ ಮೇಲೆ ‘ಲಿ’ ಬಂದರೆ ಕ್ರಿಯಾವಿಶೇಷಣ. ಈ ಪ್ರತ್ಯಯಗಳಲ್ಲಿ ಮೊದಲೆರಡು ಲ್ಯಾಟಿನ್ ಮೂಲದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮೂಲಕ ಇಂಥ ಪದಗಳು ಹೇರಳವಾಗಿ ಬಂದವು. ‘ಲಿ’ ಮಾತ್ರ ಇಂಗ್ಲಿಷಿನ ಸ್ವಂತ ಸೊತ್ತು. ‘ಸುಂದರ’, ‘ಸೌಂದರ್ಯ’, ‘ಸುಂದರವಾಗಿ’ ಬಲ್ಲ ಕನ್ನಡದ ಮಗುವಿಗೆ ಈ ಜಾಡು ಹೊಸದೇನಲ್ಲ.

‘ಫ್ರೆಂಡ್ಲಿ’ ಗುಣವಾಚಕವಲ್ಲವೇ, ‘ಹಾರ್ಡ್ಲಿ’ ಎಂದರೆ ‘ಕಷ್ಟಪಟ್ಟು’ ಅಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಇಂಥವು ಹೆಚ್ಚಾಗಿ ದಿನಬಳಕೆಯ ಪದಗಳು. ಕೇಳುತ್ತ ಕೇಳುತ್ತ ರೂಢಿಯಾಗುತ್ತವೆ. ವಿಜ್ಞಾನದ ಪಾಠದಲ್ಲೋ ಪತ್ರಿಕೆಯಲ್ಲೋ ಮಗುವನ್ನು ಹೆದರಿಸುವ ಉದ್ದ ಪದಗಳಲ್ಲಿ ಪ್ರತ್ಯಯ ದಾರಿ ತಪ್ಪಿಸುವುದು ಕಡಿಮೆ.