ಸುಳ್ಳು ಸಂದಣಿ ಮತ್ತು ಜಾಲತಾಣಗಳ ರಕ್ಷಣೆ

ಇಂದಿನ ಯುಗವು ಗಣಕಯಂತ್ರದ ಯುಗ. ಪರೀಕ್ಷೆಯ ಫಲಿತಾಂಶ, ರೈಲಿನ ಟಿಕೆಟ್, ವಿದ್ಯಾರ್ಥಿವೇತನದ ಅರ್ಜಿ, ಜಮೀನಿನ ಪತ್ರ ಎಲ್ಲವೂ ಅಂತರಜಾಲದ ಮೂಲಕವೇ ನಮ್ಮ ಕೈ ಸೇರುತ್ತಿವೆ. ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ನಮ್ಮಲ್ಲಿ ಅನೇಕರಿಗೆ ಗಡಿಯಾಚೆಯ ಅತ್ತಿಬೆಲೆ, ಆನೇಕಲ್ಲುಗಳಲ್ಲಿ ನಂಟರೂ ಉಂಟು, ಹೊಲಮನೆಯೂ ಉಂಟು. ಅಲ್ಲಿಯ ಆಸ್ತಿಯ ನೋಂದಣಿಗೆ ಕರ್ನಾಟಕ ಸರ್ಕಾರದ 'ಕಾವೇರಿ 2.0' ಎಂಬ ಜಾಲತಾಣವೇ ಆಧಾರ.

2025ರ ಜನವರಿಯಲ್ಲಿ ಈ ತಾಣವು ಮತ್ತೆ ಮತ್ತೆ ಸ್ಥಗಿತವಾಯಿತು. ನೋಂದಣಿಗೆಂದು ಬಂದ ಜನರು ಕಚೇರಿಗಳಲ್ಲಿ ಕಾದು ಕಾದು ಹಿಂತಿರುಗಬೇಕಾಯಿತು. ತಾಣವು ಕೆಟ್ಟಿರಲಿಲ್ಲ, ಅದರಿಂದ ಏನೂ ಕಳವಾಗಿರಲಿಲ್ಲ. ಯಾರೋ ಕಿಡಿಗೇಡಿಗಳು 62 ಇಮೇಲ್ ಖಾತೆಗಳನ್ನು ಬಳಸಿ, ಋಣಭಾರ ಪತ್ರ, ಅಂದರೆ ನಾವು 'ಇ.ಸಿ.' ಎನ್ನುವ ಪತ್ರದ ಹುಡುಕಾಟಕ್ಕಾಗಿ 2 ಗಂಟೆಗಳಲ್ಲಿ 6.2 ಲಕ್ಷ ಸುಳ್ಳು ಕೋರಿಕೆಗಳನ್ನು ಕಳುಹಿಸಿದ್ದರೆಂದು ಅಧಿಕಾರಿಗಳು ತಿಳಿಸಿದರು. ಲೆಕ್ಕ ಹಾಕಿದರೆ ಸೆಕೆಂಡಿಗೆ 86 ಕೋರಿಕೆಗಳಾದವು! ಸುಳ್ಳು ಗಿರಾಕಿಗಳ ನೂಕುನುಗ್ಗಲಿನಲ್ಲಿ ನಿಜವಾದ ಗಿರಾಕಿಗೆ ಜಾಗವಿಲ್ಲದಂತಾಯಿತು. ಇಂತಹ ಕೃತ್ಯಕ್ಕೆ 'ಸೇವಾ ನಿರಾಕರಣೆ ದಾಳಿ' ಎಂದು ಹೆಸರು. ಇದು ನಡೆಯುವುದು ಹೇಗೆ, ಇದನ್ನು ತಡೆಯುವವರು ಯಾರು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಹೋಸ್ಟಿಂಗ್ ಸಂಸ್ಥೆ ಎಂದರೇನು?

ಪ್ರತಿಯೊಂದು ಜಾಲತಾಣವೂ ಎಲ್ಲೋ ಒಂದು ಕಡೆ 'ಸರ್ವರ್' ಎಂಬ ಗಣಕಯಂತ್ರದಲ್ಲಿ ವಾಸವಾಗಿರುತ್ತದೆ. ಎಲ್ಲರೂ ಸ್ವಂತ ಸರ್ವರ್ ಇಟ್ಟುಕೊಳ್ಳಲಾರರು. ಆದುದರಿಂದ ಬಾಡಿಗೆಗೆ ಜಾಗ ಕೊಡುವ ಸಂಸ್ಥೆಗಳಿವೆ. ಇವೇ ಹೋಸ್ಟಿಂಗ್ ಸಂಸ್ಥೆಗಳು. ಹೊಸೂರಿನ ಪೇಟೆಯಲ್ಲಿ ಒಂದೇ ಕಟ್ಟಡದೊಳಗೆ ಹತ್ತಾರು ಅಂಗಡಿಗಳಿರುವುದನ್ನು ನಾವು ಕಂಡಿದ್ದೇವಷ್ಟೆ? ಎಲ್ಲ ಅಂಗಡಿಗಳಿಗೂ ರಸ್ತೆ ಒಂದೇ, ಮೆಟ್ಟಿಲು ಒಂದೇ. ಒಂದು ಅಂಗಡಿಯ ಮೇಲಿನ ಹಗೆಯಿಂದ ಯಾರಾದರೂ ಸಾವಿರ ಮಂದಿಯನ್ನು ಮೆಟ್ಟಿಲ ಮೇಲೆ ಕೂರಿಸಿದರೆ, ಏನೂ ತಿಳಿಯದ ಪಕ್ಕದ ಅಂಗಡಿಗಳ ವ್ಯಾಪಾರವೂ ಕೆಡುತ್ತದೆ. ಹೋಸ್ಟಿಂಗ್ ಸಂಸ್ಥೆಯ ಕಷ್ಟವೂ ಇದೇ.

ದಾಳಿಯ ಮೂರು ಬಗೆ

ಮೊದಲನೆಯದು, ದಾರಿಯನ್ನೇ ತುಂಬಿಸುವುದು. ಪಕ್ಕದ ಮನೆಯವರ ವಿಳಾಸ ಬರೆದು ನೂರು ಅಂಗಡಿಗಳಿಗೆ 'ನಿಮ್ಮ ದೊಡ್ಡ ಪಟ್ಟಿಯನ್ನು ಕಳುಹಿಸಿ' ಎಂದು ಕಾರ್ಡು ಹಾಕಿದರೆ ಏನಾದೀತು? ಕಾರ್ಡು ಚಿಕ್ಕದು, ಬರುವ ಕಟ್ಟು ದೊಡ್ಡದು. ಪೆಟ್ಟು ಮಾತ್ರ ಪಾಪದ ಪಕ್ಕದ ಮನೆಗೆ. 2018ರ ಫೆಬ್ರವರಿ 28ರಂದು 'ಗಿಟ್‌ಹಬ್' ಎಂಬ ತಾಣದ ಮೇಲೆ ಈ ಉಪಾಯದಿಂದಲೇ ಸೆಕೆಂಡಿಗೆ 1.35 ಲಕ್ಷ ಕೋಟಿ ಬಿಟ್‌ಗಳಷ್ಟು ಮಾಹಿತಿಯನ್ನು ಸುರಿಸಲಾಯಿತು.

ಎರಡನೆಯದು, ಅರ್ಧಕ್ಕೆ ನಿಲ್ಲಿಸುವ ಮಾತು. ಎರಡು ಗಣಕಯಂತ್ರಗಳು ಮಾತನಾಡುವ ಮುನ್ನ 'ಬರಲೇ?' 'ಬನ್ನಿ' 'ಬಂದೆ' ಎಂದು ಮೂರು ಮಾತು ನಡೆಯಬೇಕು. ದಾಳಿಕೋರನು 'ಬರಲೇ?' ಎಂದು ಕೇಳಿ ಸುಮ್ಮನಾಗುತ್ತಾನೆ. ಸರ್ವರ್ ಅವನಿಗಾಗಿ ಮಣೆ ಹಾಕಿ ಕಾಯುತ್ತದೆ. ಹೀಗೆ ಎಲ್ಲ ಮಣೆಗಳೂ ಬಾರದ ಅತಿಥಿಗಳಿಗೇ ಮೀಸಲಾಗಿಬಿಡುತ್ತವೆ. 1996ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ 'ಪ್ಯಾನಿಕ್ಸ್' ಎಂಬ ಅಂತರಜಾಲ ಸಂಸ್ಥೆ ಹೀಗೆಯೇ ಕೆಲವು ದಿನ ತೊಂದರೆಗೊಳಗಾಯಿತು.

ಮೂರನೆಯದು, ಹೆಚ್ಚು ಕೆಲಸ ಹಿಡಿಯುವ ಕೋರಿಕೆಯನ್ನೇ ಆರಿಸಿ ಮತ್ತೆ ಮತ್ತೆ ಕೇಳುವುದು. ಕಚೇರಿಯ ಗುಮಾಸ್ತರನ್ನು ಹಳೆಯ ಕಡತ ಹುಡುಕಲು ಪದೇ ಪದೇ ಅಟ್ಟಿದಂತೆ. ಕಾವೇರಿ ತಾಣಕ್ಕೆ ಆದುದು ಇದೇ.

ರಕ್ಷಣೆಯ ಉಪಾಯಗಳು

ಹೋಸ್ಟಿಂಗ್ ಸಂಸ್ಥೆಗಳು ಮೊದಲಿಗೆ ಸಹಜ ದಿನಗಳ ಓಡಾಟವನ್ನು ಗಮನಿಸಿ ಲೆಕ್ಕವಿಡುತ್ತವೆ. ನಿತ್ಯದ ಅಳತೆ ಗೊತ್ತಿದ್ದರೆ ತಾನೆ ಮಿತಿಮೀರಿದ್ದು ಗೊತ್ತಾಗುವುದು? ಅನುಮಾನ ಬಂದ ಕೂಡಲೇ ಆ ತಾಣಕ್ಕೆ ಬರುವ ಪ್ರವಾಹವನ್ನೆಲ್ಲ 'ಶುದ್ಧೀಕರಣ ಕೇಂದ್ರ'ದ ಕಡೆಗೆ ತಿರುಗಿಸುತ್ತವೆ. ನಮ್ಮ ತಾಯಂದಿರು ರಾಗಿಯನ್ನು ಮೊರದಲ್ಲಿ ಕೇರಿ ಹೊಟ್ಟು ಹಾರಿಸುವಂತೆ, ಅಲ್ಲಿಯ ಯಂತ್ರಗಳು ಸುಳ್ಳನ್ನು ತೂರಿ ನಿಜವಾದ ಕೋರಿಕೆಗಳನ್ನಷ್ಟೇ ಸರ್ವರಿಗೆ ಕಳುಹಿಸುತ್ತವೆ. ಗಿಟ್‌ಹಬ್ ತಾಣವು ಹೀಗೆ ತನ್ನ ಪ್ರವಾಹವನ್ನು 'ಅಕಮೈ' ಎಂಬ ಸಂಸ್ಥೆಯ ಕಡೆ ತಿರುಗಿಸಿ, ಸುಮಾರು 10 ನಿಮಿಷಗಳೊಳಗೆ ಚೇತರಿಸಿಕೊಂಡಿತು.

ಇನ್ನೊಂದು ಉಪಾಯ ಹಂಚಿಕೆ. ಒಂದೇ ವಿಳಾಸವನ್ನು ಅನೇಕ ನಗರಗಳ ಸರ್ವರುಗಳಿಗೆ ಕೊಟ್ಟಿರುತ್ತಾರೆ. ಕೋರಿಕೆಯು ತನಗೆ ಹತ್ತಿರದ ದಾರಿ ಹಿಡಿಯುವುದರಿಂದ ಪ್ರವಾಹವು ಒಂದೇ ಕಡೆ ಬೀಳದೆ ಹತ್ತಾರು ಕಾಲುವೆಗಳಲ್ಲಿ ಹರಿದುಹೋಗುತ್ತದೆ.

ಅರ್ಧ ಮಾತಿನ ದಾಳಿಗೆ ಒಂದು ಜಾಣ ಮದ್ದುಂಟು. 'ಬರಲೇ?' ಎಂದವನಿಗೆ ಮಣೆ ಹಾಕದೆ, ಗುಟ್ಟಿನ ಗುರುತುಳ್ಳ ಒಂದು ಚೀಟಿಯನ್ನು ಕೊಡುವುದು; ಆ ಚೀಟಿಯನ್ನು ಹಿಂದಕ್ಕೆ ತಂದವನಿಗೆ ಮಾತ್ರ ಮಣೆ! ಸುಳ್ಳು ವಿಳಾಸದವನಿಗೆ ಚೀಟಿಯೇ ತಲುಪುವುದಿಲ್ಲವಾದ್ದರಿಂದ ಅವನು ಹೊರಗೇ ಉಳಿಯುತ್ತಾನೆ.

ಮೂರನೆಯ ಬಗೆಯ ದಾಳಿಗೆ ನ್ಯಾಯಬೆಲೆ ಅಂಗಡಿಯ ಕ್ರಮವೇ ಸರಿ. ಒಂದು ಖಾತೆಗೆ ನಿಮಿಷಕ್ಕೆ ಇಷ್ಟೇ ಕೋರಿಕೆ ಎಂದು ಮಿತಿ ಹಾಕುತ್ತಾರೆ. ವಕ್ರವಾದ ಅಕ್ಷರಗಳನ್ನೋ ಚಿತ್ರಗಳನ್ನೋ ತೋರಿಸಿ, ಕೇಳುವವನು ಮನುಷ್ಯನೇ ಯಂತ್ರವೇ ಎಂದು ಪರೀಕ್ಷಿಸುತ್ತಾರೆ.

ಕಠಿಣವಾದ ಪ್ರಶ್ನೆ

ಈ ಉಪಾಯಗಳು ಒಂದೂ ಸಾಲದಾದಾಗ ಕೊನೆಯ ಅಸ್ತ್ರವೊಂದಿದೆ. ದಾಳಿಗೆ ಗುರಿಯಾದ ವಿಳಾಸಕ್ಕೆ ಬರುವುದೆಲ್ಲವನ್ನೂ, ನಿಜವಾದುದನ್ನೂ ಸೇರಿಸಿ, ಹೊರಗಿನ ದಾರಿಯಲ್ಲೇ ಬಿಸಾಡುವುದು. ಇದಕ್ಕೆ 'ಕಪ್ಪು ಕುಳಿ' ಎನ್ನುತ್ತಾರೆ. ಇದರಿಂದ ಉಳಿದ ಗಿರಾಕಿಗಳು ಬದುಕುತ್ತಾರೆ, ಆದರೆ ದಾಳಿಕೋರನ ಇಷ್ಟವೂ ನೆರವೇರಿದಂತಾಯಿತು! ಹೊಸೂರಿನ ಸುತ್ತಮುತ್ತ ಗುಲಾಬಿ ಬೆಳೆಯುವ ರೈತರು ಎಷ್ಟೋ ಮಂದಿ. ಅವರಲ್ಲೊಬ್ಬರು ಜಾಲತಾಣದ ಮೂಲಕ ಹೂವು ಮಾರುತ್ತಿದ್ದಾರೆಂದು ಭಾವಿಸೋಣ. ಗುಲಾಬಿಗೆ ಬೇಡಿಕೆ ಏರುವ ಫೆಬ್ರವರಿ 14ರ ಹಿಂದಿನ ವಾರದಲ್ಲಿ ಅವರ ತಾಣವನ್ನು ಕಪ್ಪು ಕುಳಿಗೆ ತಳ್ಳಿದರೆ ಗತಿಯೇನು? ಹೂವು ನಾಳೆಗೆ ಕಾಯುವ ಸರಕಲ್ಲ.

ಇಂತಹ ಪ್ರಸಂಗ ನಿಜವಾಗಿಯೂ ನಡೆದಿದೆ. ಸೈಬರ್ ಅಪರಾಧಗಳನ್ನು ಬಯಲಿಗೆಳೆಯುವ ಅಮೆರಿಕದ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಅವರ ತಾಣದ ಮೇಲೆ 2016ರ ಸೆಪ್ಟೆಂಬರಿನಲ್ಲಿ ಭಾರಿ ದಾಳಿಯಾಯಿತು. ಅದನ್ನು ಉಚಿತವಾಗಿ ಕಾಯುತ್ತಿದ್ದ ಅಕಮೈ ಸಂಸ್ಥೆಯು, ಹಣ ಕೊಡುವ ಇತರರಿಗೆ ತೊಂದರೆಯಾದೀತೆಂದು ಕೈಬಿಟ್ಟಿತು. ಕೆಲವು ದಿನಗಳ ಬಳಿಕ ಗೂಗಲ್ ಸಂಸ್ಥೆಯ 'ಪ್ರಾಜೆಕ್ಟ್ ಶೀಲ್ಡ್' ಆಶ್ರಯ ಕೊಟ್ಟಿತು. 2017ರಲ್ಲಿ 'ಕ್ಲೌಡ್‌ಫ್ಲೇರ್' ಎಂಬ ಸಂಸ್ಥೆಯು, ದಾಳಿ ಎಷ್ಟೇ ದೊಡ್ಡದಾದರೂ ಉಚಿತ ಗಿರಾಕಿಯನ್ನೂ ಹೊರಹಾಕುವುದಿಲ್ಲವೆಂದು ಘೋಷಿಸಿತು. ಕಾವಲು ಉಳ್ಳವರಿಗೆ ಮಾತ್ರವೋ, ಎಲ್ಲರಿಗೂ ಸಲ್ಲಬೇಕೋ ಎಂಬ ಪ್ರಶ್ನೆಗೆ ಇದು ಒಂದು ಒಳ್ಳೆಯ ಉತ್ತರ.

ಇನ್ನೊಂದು ಸೂಕ್ಷ್ಮವೂ ಇದೆ. ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ನೂರಾರು ಫೋನುಗಳಿಗೆ ಹೊರಗೆ ಕಾಣುವ ಒಂದೇ ವಿಳಾಸವನ್ನು ಕೊಡುತ್ತವೆ. ಅವುಗಳಲ್ಲಿ ಒಂದು ಫೋನಿನ ತಪ್ಪಿಗೆ ಆ ವಿಳಾಸವನ್ನೇ ಮುಚ್ಚಿದರೆ, ನೂರಾರು ನಿರಪರಾಧಿಗಳಿಗೂ ಬಾಗಿಲು ಮುಚ್ಚುತ್ತದೆ. ಫಲಿತಾಂಶದ ದಿನ ಎಲ್ಲ ಮಕ್ಕಳೂ ಒಮ್ಮೆಲೇ ತಾಣಕ್ಕೆ ನುಗ್ಗುವುದು ದಾಳಿಯಲ್ಲ. ಚಂದ್ರಚೂಡೇಶ್ವರಸ್ವಾಮಿಯ ತೇರಿಗೆ ಸೇರುವ ಜನಸಂದಣಿಯನ್ನು ಗಲಭೆಯೆಂದು ಚದುರಿಸಬಾರದು. ನಿಜವಾದ ಜನರನ್ನು ಗುರುತಿಸಿ ಒಳಗೆ ಬಿಡುವುದರಲ್ಲಿಯೇ ಕಾವಲುಗಾರನ ಜಾಣತನವಿದೆ.

ನಮ್ಮ ಕರ್ತವ್ಯ

'ಹನಿಗೂಡಿದರೆ ಹಳ್ಳ' ಎಂಬ ಗಾದೆ ಇಲ್ಲಿ ಕೆಟ್ಟ ಅರ್ಥದಲ್ಲಿಯೂ ನಿಜ. ದಾಳಿಕೋರರು ಬಳಸುವ ಯಂತ್ರಗಳಲ್ಲಿ ಹೆಚ್ಚಿನವು ಅವರ ಸ್ವಂತದವಲ್ಲ, ಅಮಾಯಕರ ಮನೆಯವು. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯಲ್ಲಿ ಇಟ್ಟಿದ್ದ ಸುಮಾರು 60 ಸುಲಭ ಗುಪ್ತಪದಗಳನ್ನು ಪ್ರಯೋಗಿಸಿ, ಲಕ್ಷಾಂತರ ಕಾವಲು ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದ 'ಡಿನ್' ಸಂಸ್ಥೆಯ ಮೇಲೆ ನಡೆದ ದಾಳಿಯಲ್ಲಿ ಇಂತಹ ಯಂತ್ರಗಳೇ ಬಳಕೆಯಾಗಿ, ಅನೇಕ ಪ್ರಸಿದ್ಧ ತಾಣಗಳು ಗಂಟೆಗಟ್ಟಲೆ ಸಿಗದಾದವು. ಆದುದರಿಂದ ಮನೆಗೆ, ಅಂಗಡಿಗೆ ಕ್ಯಾಮೆರಾ ಹಾಕಿಸಿರುವ ಪೋಷಕರು ಅದರ ಗುಪ್ತಪದವನ್ನು ಇಂದೇ ಬದಲಾಯಿಸಬೇಕು. ಯಂತ್ರಕ್ಕೆ ಸೇರಿದ ಇಂತಹ ಕೀಟಗಳನ್ನು ತೊಲಗಿಸಲು ಭಾರತ ಸರ್ಕಾರವು 2017ರಲ್ಲಿ ಆರಂಭಿಸಿದ 'ಸೈಬರ್ ಸ್ವಚ್ಛತಾ ಕೇಂದ್ರ'ವು ಉಚಿತ ಸಾಧನಗಳನ್ನು ಕೊಡುತ್ತದೆ.

ವಿದ್ಯಾರ್ಥಿ ಮಿತ್ರರು ಗಮನಿಸಬೇಕಾದ ಮಾತೊಂದಿದೆ. ಮಿರಾಯ್ ತಂತ್ರಾಂಶವನ್ನು ಸೃಷ್ಟಿಸಿದವರು ಇಪ್ಪತ್ತರ ಆಸುಪಾಸಿನ ಮೂವರು ತರುಣರು. ಗಣಕದ ಆಟಗಳ ಪೈಪೋಟಿಯಲ್ಲಿ ಎದುರಾಳಿಯ ಸರ್ವರನ್ನು ಕೆಡಹುವ ಚಟದಿಂದಲೇ ಅವರು ಈ ದಾರಿಗಿಳಿದರು. 2017ರಲ್ಲಿ ಅವರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳಬೇಕಾಯಿತು. ನಮ್ಮ ದೇಶದ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೇ ಕಲಮಿನಂತೆ ಇಂತಹ ಕೃತ್ಯಕ್ಕೆ 3 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ತಾಣವನ್ನು ಕೆಡಹಲು ದೊಡ್ಡ ವಿದ್ಯೆಯೇನೂ ಬೇಕಿಲ್ಲ. ಸುಳ್ಳಿನ ಪ್ರವಾಹದ ನಡುವೆ ಇ.ಸಿ. ಕೇಳಲು ಬಂದ ಒಬ್ಬ ರೈತನ ನಿಜವಾದ ಕೋರಿಕೆಯನ್ನು ಹುಡುಕಿ, ಅದನ್ನು ಕ್ಷೇಮವಾಗಿ ತಲುಪಿಸುವುದೇ ನಿಜವಾದ ವಿದ್ಯೆ. ನಮ್ಮ ಶಾಲೆಯ ಮಕ್ಕಳಲ್ಲಿ ಕೆಲವರಾದರೂ ಮುಂದೆ ಅಂತಹ ಕಾವಲುಗಾರರಾಗಲಿ ಎಂಬುದೇ ನಮ್ಮ ಆಸೆ.