ಫಿಲ್ಮಿನ ಪೀಪಾಯಿಯಿಂದ ಬಂದ ಹೊಳಪು

1920ರ ಜುಲೈ ತಿಂಗಳು. ಅಮೆರಿಕದ ನ್ಯೂಜೆರ್ಸಿಯ ಪಾರ್ಲಿನ್ ಎಂಬಲ್ಲಿದ್ದ ಡ್ಯುಪಾಂಟ್ ಕಂಪನಿಯಲ್ಲಿ, ಸಿನಿಮಾ ಫಿಲ್ಮು ಮಾಡಲೆಂದು ಕಲಸಿಟ್ಟಿದ್ದ ದ್ರಾವಣವೊಂದು ಬೇಸಿಗೆಯ ಸೆಕೆಯಲ್ಲಿ ಹಾಗೇ ಉಳಿದುಬಿಟ್ಟಿತು. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಪಳಗಿಸಿ ಮಾಡುವ ನೈಟ್ರೋಸೆಲ್ಯುಲೋಸ್ ಅದು. ಅಂಟಂಟಾಗಿ, ಗಟ್ಟಿಯಾಗಿ ಇರಬೇಕಾದದ್ದು ಪೀಪಾಯಿಯೊಳಗೆ ನೀರುನೀರಾಗಿತ್ತು. ಫಿಲ್ಮಿಗೆ ಬಾರದ ಈ ಸರಕು ಬಣ್ಣಕ್ಕೆ ಒದಗುತ್ತದೆ ಎಂಬುದು ಅಲ್ಲಿಯ ರಸಾಯನ ತಜ್ಞರಿಗೆ ಹೊಳೆಯಿತು. ಮೊದಲಿನ ಗಟ್ಟಿ ದ್ರಾವಣವನ್ನು ಸ್ಪ್ರೇ ಗನ್ನಿನಿಂದ ಸಿಂಪಡಿಸಬೇಕಾದರೆ ಥಿನ್ನರ್ ಸುರಿದು ತೆಳ್ಳಗೆ ಮಾಡಬೇಕಾಗಿತ್ತು; ಹಾಗೆ ಮಾಡಿದರೆ ತಗಡಿನ ಮೇಲೆ ಬಣ್ಣವೇ ನಿಲ್ಲುತ್ತಿರಲಿಲ್ಲ. ತಾನಾಗಿ ತೆಳುವಾದ ಈ ದ್ರಾವಣ ಬೇಕಾದಷ್ಟು ಬಣ್ಣವನ್ನು ಹಿಡಿದುಕೊಂಡೂ ಸಲೀಸಾಗಿ ಹಾರುತ್ತಿತ್ತು. ಮೂರು ವರ್ಷ ತಿದ್ದಿ ತೀಡಿದ ಮೇಲೆ, 1923ರಲ್ಲಿ, ಅದಕ್ಕೆ ಡ್ಯೂಕೋ ಎಂದು ಹೆಸರಿಟ್ಟರು. ಜನರಲ್ ಮೋಟರ್ಸ್‌ನವರ 1924ರ ಓಕ್‌ಲ್ಯಾಂಡ್ ಕಾರು ನೀಲಿ ಡ್ಯೂಕೋ ಬಳಿದುಕೊಂಡು ಹೊರಬಂತು.

ಈ ಸಂಗತಿ ಓದುತ್ತಿದ್ದಾಗ ನನ್ನ ಕಣ್ಣು ನಿಂತದ್ದು ಇಸವಿಯ ಮೇಲೆ. ಅದೇ 1920ರಲ್ಲಿ ಕೊಲ್ಲಾಪುರದ ಬಾಬುರಾವ್ ಪೇಂಟರ್ ತಮ್ಮ ಮೊದಲ ಚಿತ್ರ ‘ಸೈರಂಧ್ರಿ’ಯನ್ನು ತೆರೆಗೆ ತಂದರು. ಅದನ್ನು ಹಿಡಿದ ಫಿಲ್ಮೂ ನೈಟ್ರೋಸೆಲ್ಯುಲೋಸೇ. ಆ ಕಾಲದಲ್ಲಿ ಚಿತ್ರಮಂದಿರದ ಫಿಲ್ಮೆಂದರೆ ಬಹುಮಟ್ಟಿಗೆ ಅದೇ. ಕೊಲ್ಲಾಪುರದಲ್ಲಿ ಬಣ್ಣದವನೊಬ್ಬ ಹತ್ತಿಯ ಈ ಕೂಸನ್ನು ಹಿಡಿದು ಸಿನಿಮಾ ಮಾಡುತ್ತಿದ್ದ ವರ್ಷವೇ, ಭೂಮಿಯ ಆಚೆ ಬದಿಯಲ್ಲಿ ಸಿನಿಮಾದ ಸರಕೊಂದು ಬಣ್ಣವಾಗಿ ಮಾರ್ಪಟ್ಟಿತು. ಕಾರಿನ ಗೀರು ತೆಗೆಯುವ, ಮೈ ತಿಕ್ಕಿ ಹೊಳಪು ತರುವ ಇಂದಿನ ಕಸುಬಿನ ಬೇರು ಇಲ್ಲಿದೆ.

ಬಾಬುರಾವ್ ಅವರನ್ನು ಎರಡು ಸಾಲಿನಲ್ಲಿ ದಾಟಿ ಹೋಗಲು ಮನಸ್ಸು ಬರುವುದಿಲ್ಲ. ಹುಟ್ಟಿದ್ದು 1890ರಲ್ಲಿ, ಮನೆತನದ ಹೆಸರು ಮೇಸ್ತ್ರಿ. ಸೋದರಸಂಬಂಧಿ ಆನಂದರಾವ್ ಜೊತೆ ನಾಟಕ ಕಂಪನಿಗಳಿಗೆ ಪರದೆ ಬರೆದು ಬರೆದು, ಪೇಂಟರ್ ಎಂಬುದೇ ಇಬ್ಬರ ಹೆಸರಿನ ಬಾಲವಾಯಿತು. ಸಿನಿಮಾದ ಹುಚ್ಚು ಹತ್ತಿದ ಮೇಲೆ ವಿದೇಶಿ ಕ್ಯಾಮೆರಾ ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದೆ, ಕ್ಯಾಮೆರಾವನ್ನೇ ಊರಲ್ಲಿ ಮಾಡಲು ಕೂತರು. 1916ರಲ್ಲಿ ಆನಂದರಾವ್ ತೀರಿಕೊಂಡರು. ಬಾಬುರಾವ್ ಬಿಡಲಿಲ್ಲ, ತಮ್ಮ ಶಿಷ್ಯ ದಾಮ್ಲೆ ಅವರ ನೆರವಿನಿಂದ ಲೇತಿನ ಮೇಲೆ ಬಿಡಿಭಾಗ ಕಡೆದು ಕ್ಯಾಮೆರಾ ಪೂರೈಸಿದರು. ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿಗೆ ದುಡ್ಡು ಕೊಟ್ಟವರು ಗಾಯಕಿ ತಾನಿಬಾಯಿ ಕಾಗಲಕರ್. ‘ಸೈರಂಧ್ರಿ’ಯ ಕೀಚಕವಧೆ ಎಷ್ಟು ಸಹಜವಾಗಿತ್ತೆಂದರೆ ಆ ಭಾಗ ಸೆನ್ಸಾರಿನ ಕತ್ತರಿಗೆ ಸಿಕ್ಕಿತು. ತಿಲಕರು ಬಾಬುರಾವ್ ಅವರಿಗೆ ‘ಸಿನಿಮಾ ಕೇಸರಿ’ ಎಂಬ ಬಿರುದು ಕೊಟ್ಟರು. ಮುಂದೆ ಪ್ರಭಾತ್ ಕಂಪನಿ ಕಟ್ಟಿದ ಶಾಂತಾರಾಮ್, ದಾಮ್ಲೆ, ಫತ್ತೇಲಾಲ್ ಎಲ್ಲರೂ ಈ ಗರಡಿಯಲ್ಲಿ ಪಳಗಿದವರೇ. ಆ ಮೂಕಿ ಚಿತ್ರಗಳ ಬಹುಪಾಲು ಇಂದು ನಮಗೆ ನೋಡಲು ಸಿಗುವುದಿಲ್ಲ. ನೈಟ್ರೇಟ್ ಫಿಲ್ಮು ಬೇಗ ಬೆಂಕಿ ಹಿಡಿಯುತ್ತದೆ. ಬೆಂಕಿಯಿಂದ ಉಳಿದರೂ ಕಾಲ ಕಳೆದಂತೆ ತನ್ನಷ್ಟಕ್ಕೆ ಕೊಳೆತು ಪುಡಿಯಾಗುತ್ತದೆ. ಕಣ್ಣೆದುರಿಗಿದ್ದ ಸೊತ್ತು ಹೀಗೆ ಹೋಯಿತಲ್ಲ ಎಂಬ ಸಂಕಟ ಕೊಲ್ಲಾಪುರಕ್ಕೆ ಹೋದಾಗಲೆಲ್ಲ ಕಾಡುತ್ತದೆ.

ಡ್ಯೂಕೋ ಬರುವ ಮುಂಚೆ ಕಾರಿಗೆ ಬಣ್ಣ ಹಚ್ಚುವುದೆಂದರೆ ಕುದುರೆ ಸಾರೋಟಿನ ಕೆಲಸವೇ. ಕುಂಚದಿಂದ ವಾರ್ನಿಶ್ ಬಳಿ, ಒಣಗಿಸು, ಪ್ಯೂಮಿಸ್ ಕಲ್ಲಿನ ಪುಡಿಯಿಂದ ಉಜ್ಜು, ಮತ್ತೆ ಬಳಿ. ಒಂದು ಕಾರಿಗೆ ಎರಡರಿಂದ ನಾಲ್ಕು ವಾರ. ಹೆನ್ರಿ ಫೋರ್ಡ್ 1914ರಿಂದ 1925ರವರೆಗೆ ಮಾಡೆಲ್ ಟಿ ಕಾರನ್ನು ಕಪ್ಪು ಬಣ್ಣದಲ್ಲಷ್ಟೇ ಮಾಡಿದರು. ಡ್ಯೂಕೋ ವಾರಗಳ ಕೆಲಸವನ್ನು ಗಂಟೆಗಳಿಗೆ ಇಳಿಸಿತು, ಬೇಕಾದ ಬಣ್ಣ ಕೊಟ್ಟಿತು. ಆದರೆ ಒಂದು ಕೊರತೆ ಇತ್ತು. ಗನ್ನಿನಿಂದ ಬಂದು ಒಣಗಿದ ಬಣ್ಣ ಮಂಕಾಗಿ, ಒರಟಾಗಿ ಇರುತ್ತಿತ್ತು. ಹೊಳಪು ಬರಬೇಕಾದರೆ ಮೇಲ್ಮೈಯನ್ನು ಉಜ್ಜಿ ಸಮ ಮಾಡಲೇಬೇಕು. ಹಾಗಾಗಿ ರಬ್ಬಿಂಗ್ ಕಂಪೌಂಡ್, ನೀರಲ್ಲಿ ಅದ್ದಿ ಉಜ್ಜುವ ವಾಟರ್ ಪೇಪರ್, ಪಾಲಿಶ್ ಗ್ಯಾರೇಜಿನ ನಿತ್ಯದ ಸಾಮಾನಾದವು. ಎರಡು ಬಣ್ಣದ ಕಾರು ಮಾಡುವಾಗ ಅಂಟಿಸಿದ ಕಾಗದದ ಜೊತೆ ಬಣ್ಣವೂ ಕಿತ್ತುಬರುವುದನ್ನು ಕಂಡು 3ಎಂ ಕಂಪನಿಯ ರಿಚರ್ಡ್ ಡ್ರೂ 1925ರಲ್ಲಿ ಮಾಸ್ಕಿಂಗ್ ಟೇಪು ಮಾಡಿದರು. ಇಂದು ಪೇಂಟಿಂಗ್ ಬೂತಿನಲ್ಲಿ ಕಾಣುವ ಹಲವು ಸಾಮಾನು ಆ ಹತ್ತು ವರ್ಷದ ಹುಟ್ಟು.

ಕೊಲ್ಲಾಪುರದಲ್ಲಿ ಅದಕ್ಕೆ ಹತ್ತಿರದ ಕಾಲದ ಒಂದು ಕಾರು ಈಗಲೂ ವಿಜಯದಶಮಿಗೆ ಬೀದಿಗಿಳಿಯುತ್ತದೆ. ಛತ್ರಪತಿ ರಾಜಾರಾಮ ಮಹಾರಾಜರ ಕಾಲದ, ಕೇಸರಿ ಬಣ್ಣದ ಮೇಬ್ಯಾಕ್ ಅದು. ಜರ್ಮನಿಯ ಫ್ರೀಡ್ರಿಕ್ಸ್‌ಹಾಫೆನ್ ಊರಿನಲ್ಲಿ ಜೆಪ್ಪೆಲಿನ್ ವಾಯುನೌಕೆಗೆ ಎಂಜಿನ್ ಮಾಡುತ್ತಿದ್ದ ಕಂಪನಿಯೇ ಈ ಕಾರುಗಳನ್ನೂ ಮಾಡಿತು. ರಾಜಮನೆತನದವರು ಅದರಲ್ಲಿ ಕೂತು ದಸರಾ ಚೌಕಕ್ಕೆ ಬರುತ್ತಾರೆ, ಶಮೀಪೂಜೆ ಆಗುತ್ತದೆ, ಬಂಗಾರವೆಂದು ಕರೆಯುವ ಎಲೆಗಳ ಲೂಟಿಗೆ ಜನ ಮುಗಿಬೀಳುತ್ತಾರೆ. ಗದ್ದಲದ ನಡುವೆ ನನ್ನ ಕಣ್ಣು ಹೋಗುವುದು ಅದರ ಮಡ್‌ಗಾರ್ಡಿನ ಮೇಲೆ. ಇಂಥ ಉಬ್ಬಿದ, ಬಾಗಿದ ತಗಡಿಗೆ ಸಮನಾಗಿ ಬಣ್ಣ ಕೂರಿಸಿ ಹೊಳಪು ಕಾಯುವುದು ಕೈಬಲ್ಲವರ ಕೆಲಸ. ಅಂಚಿನಲ್ಲಿ ಬಣ್ಣ ಯಾವಾಗಲೂ ತೆಳುವಾಗಿರುತ್ತದೆ; ಉಜ್ಜುವ ಕೈ ಒಂದು ಸುತ್ತು ಹೆಚ್ಚು ತಿರುಗಿದರೆ ಪ್ರೈಮರ್ ಇಣುಕುತ್ತದೆ.

ಸ್ವಾತಂತ್ರ್ಯದ ನಂತರದ ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ನಮ್ಮ ಗ್ಯಾರೇಜುಗಳನ್ನು ಆಳಿದ್ದು ಇದೇ ನೈಟ್ರೋಸೆಲ್ಯುಲೋಸ್ ಬಣ್ಣ. ಪೇಂಟರುಗಳು ಎನ್‌ಸಿ ಅನ್ನುವುದು ಇದಕ್ಕೇ. ಮರಗೆಲಸದವರು ಇಂದಿಗೂ ಡ್ಯೂಕೋ ಅನ್ನುತ್ತಾರೆ. ಬಣ್ಣದ ಮೇಲೆ ಇನ್ನೊಂದು ಪೊರೆ ಇರುತ್ತಿರಲಿಲ್ಲ. ಬಿಸಿಲಿಗೆ ಮೇಲ್ಭಾಗ ಬಿಳಿಚಿಕೊಂಡರೆ ಕಂಪೌಂಡ್ ಹಚ್ಚಿ ತಿಕ್ಕಿದರಾಯಿತು, ಕೆಳಗಿನ ಹೊಸ ಬಣ್ಣ ಮೇಲೆ ಬರುತ್ತಿತ್ತು. ಕೆಂಪು ಕಾರು ತಿಕ್ಕಿದ ಬಟ್ಟೆ ಕೆಂಪಾಗುತ್ತಿತ್ತು, ಹಸಿರು ಕಾರಿನದು ಹಸಿರಾಗುತ್ತಿತ್ತು. ಅಷ್ಟು ಬಣ್ಣ ಸವೆದು ಹೋಯಿತೆಂಬುದು ತಿಕ್ಕುವವನ ಕಣ್ಣಿಗೆ ನೇರವಾಗಿ ಕಾಣುತ್ತಿತ್ತು, ಕೈ ತಾನಾಗಿ ಹಿಂಜರಿಯುತ್ತಿತ್ತು. ಹೊಳಪು ಮೇಲಿಂದ ಹಚ್ಚುವ ವಸ್ತು ಅಲ್ಲ, ಒಂದಿಷ್ಟು ಕಳೆದುಕೊಂಡು ಪಡೆಯುವಂಥದು ಎಂಬ ತಿಳಿವಳಿಕೆ ಆ ಬಟ್ಟೆಯಿಂದಲೇ ಬರುತ್ತಿತ್ತು. ಕಾರಿನ ಬಾಗಿಲನ್ನು ಬಿಸಿಲಿಗೆ ತಿರುಗಿಸಿ, ಡಬ್ಬಿಯಲ್ಲಿ ಹಳದಿ ಒಂದು ಹನಿ, ಕಪ್ಪು ಅರ್ಧ ಹನಿ ಬೆರೆಸಿ, ಕಣ್ಣಳತೆಯಲ್ಲೇ ಹಳೆಯ ಬಣ್ಣಕ್ಕೆ ಹೊಸದನ್ನು ಹೊಂದಿಸುತ್ತಿದ್ದ ಪೇಂಟರುಗಳು ಈ ಭಾಗದ ಊರೂರಲ್ಲೂ ಇದ್ದರು. ಈಗ ಕಂಪನಿಯ ಕಲರ್ ಕೋಡ್ ನೋಡಿ ಮಷಿನ್ ಬೆರೆಸಿಕೊಡುತ್ತದೆ. ಎಂಟು ಹತ್ತು ವರ್ಷ ಬಿಸಿಲು ತಿಂದ ಬಾನೆಟ್ಟಿನ ಬಣ್ಣ ಯಾವ ಕೋಡಿನಲ್ಲೂ ಇರುವುದಿಲ್ಲ. ಆ ಕಣ್ಣುಗಳನ್ನು ನಾವು ಕಳೆದುಕೊಂಡೆವು. ಅದು ದೊಡ್ಡ ನಷ್ಟವೆಂದೇ ನಾನು ಹೇಳುತ್ತೇನೆ.

ತೊಂಬತ್ತರ ದಶಕದ ಹೊಸ ಕಾರುಗಳ ಜೊತೆ ಕ್ಲಿಯರ್ ಕೋಟ್ ನಮ್ಮಲ್ಲಿ ಬಳಕೆಗೆ ಬಂತು. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪೊರೆ. ಎಲ್ಲ ಸೇರಿ ದಪ್ಪ ಸುಮಾರು 100ರಿಂದ 130 ಮೈಕ್ರಾನ್, ಹೆಚ್ಚುಕಡಿಮೆ ಒಂದು ಹಾಳೆ ಕಾಗದದಷ್ಟು. ಅದರಲ್ಲಿ ಕ್ಲಿಯರ್‌ನ ಪಾಲು 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುವುದು ಈ ಪೊರೆಯೇ. ಗೀರು ಬಿತ್ತೆಂದರೆ ಅದರ ಅಂಚುಗಳು ಬೆಳಕನ್ನು ಚೆದುರಿಸುತ್ತವೆ, ಆದ್ದರಿಂದ ಬೆಳ್ಳಗೆ ಕಾಣುತ್ತದೆ. ಗೀರು ತೆಗೆಯುವುದೆಂದರೆ ಅದರ ಸುತ್ತಲಿನ ಕ್ಲಿಯರನ್ನು ಗೀರಿನ ತಳದವರೆಗೆ ಸವೆಸುವುದು, ಅಷ್ಟೆ. ಈಗ ಬಟ್ಟೆಗೆ ಬಣ್ಣ ಅಂಟುವುದಿಲ್ಲ, ಬಿಳಿ ಲೇಪವಷ್ಟೇ ಕಾಣುತ್ತದೆ. ಎಷ್ಟು ಹೋಯಿತು ಎಂಬುದು ಕಣ್ಣಿಗೆ ಬೀಳುವುದಿಲ್ಲ. ಒಂದೆರಡು ಸಲ ಭಾರೀ ಕಂಪೌಂಡ್ ಹೊಡೆಸಿದ ಕಾರಿನ ಬಾನೆಟ್ಟು ಕೆಲವು ಬೇಸಿಗೆಗಳ ನಂತರ ಪೊರೆಪೊರೆಯಾಗಿ ಏಳತೊಡಗಿದಾಗಲೇ ಮಾಲೀಕನಿಗೆ ಗೊತ್ತಾಗುವುದು.

ಕೊಲ್ಲಾಪುರ ಸೀಮೆಯ ಗೀರುಗಳಿಗೆ ಈ ಸೀಮೆಯದೇ ಕಾರಣಗಳಿವೆ. ಕನ್ನಡ ಮಾತು ಬೆರೆತ ಗಡಹಿಂಗ್ಲಜ್ ಕಡೆ, ಹಿರಣ್ಯಕೇಶಿ ದಂಡೆಯ ಊರುಗಳಲ್ಲಿ, ಹಂಗಾಮು ಶುರುವಾಯಿತೆಂದರೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಎರಡೂ ಬದಿಗೆ ಕಬ್ಬು ಚಾಚಿಕೊಂಡ ಟ್ರೇಲರ್ ಪಕ್ಕದಲ್ಲಿ ಹಾದರೆ ಕಬ್ಬಿನ ಒಣಗರಿ, ಅಂದರೆ ರವದಿ, ಕಾರಿನ ಮೈಯನ್ನು ಸವರಿಕೊಂಡೇ ಹೋಗುತ್ತದೆ. ಕಬ್ಬಿನ ಗರಿಯ ಅಂಚಿನಲ್ಲಿ ಗರಗಸದಂಥ ಸಣ್ಣ ಹಲ್ಲುಗಳಿವೆ, ಅವುಗಳಲ್ಲಿ ಸಿಲಿಕಾ ತುಂಬಿರುತ್ತದೆ. ಕೈ ಕೊಯ್ಯುವ ಗರಿ ಕ್ಲಿಯರನ್ನು ಬಿಟ್ಟೀತೇ? ಅದರ ಮೇಲೆ ಗಾಣದ, ಕಾರ್ಖಾನೆಯ ಬೂದಿ ಬಂದು ಕೂರುತ್ತದೆ. ಬೆಳಗ್ಗೆ ಡ್ರೈವರ್ ಒಣಬಟ್ಟೆ ತಂದು ಕೊಡವಿ ಒರೆಸುತ್ತಾನೆ. ಬೂದಿ, ಧೂಳು, ಕ್ಲಿಯರು ಒಟ್ಟಿಗೆ ಅರೆದುಹೋಗುತ್ತವೆ. ಮಧ್ಯಾಹ್ನದ ಬಿಸಿಲಿಗೆ ಬಾನೆಟ್ಟಿನ ಮೇಲೆ ಕಾಣುವ ಜೇಡರ ಬಲೆಯಂಥ ಸುತ್ತುಗೆರೆಗಳು ಹೆಚ್ಚಿನಂಶ ಈ ಒರೆಸಾಟದ್ದೇ.

ಇಚಲಕರಂಜಿಯ ಕಥೆ ಬೇರೆ. 1904ರಲ್ಲಿ ವಿಠ್ಠಲರಾವ್ ದಾತಾರ್ ಅಲ್ಲಿ ಮೊದಲ ಯಂತ್ರಮಗ್ಗ ಹಾಕಿದ ಮೇಲೆ ಊರೇ ಮಗ್ಗವಾಯಿತು. ಮಗ್ಗದ ಊರಿನ ಗಾಳಿಯಲ್ಲಿ ಹತ್ತಿಯ ಎಳೆ ತೇಲುತ್ತದೆ. ಹಸಿ ಬಣ್ಣಕ್ಕೆ ಅದಕ್ಕಿಂತ ದೊಡ್ಡ ವೈರಿ ಇಲ್ಲ. ಒಂದು ಎಳೆ ಕೂತರೆ ಒಣಗಿದ ಮೇಲೆ ವಾಟರ್ ಪೇಪರಿನಿಂದ ತೆಗೆದು ಮತ್ತೆ ಪಾಲಿಶ್ ಮಾಡಬೇಕು. ಮಗ್ಗದ ಅಡಿಯಿಂದ ಬರುವ ಕಾಟನ್ ವೇಸ್ಟೇ ಗ್ಯಾರೇಜಿನ ಒರೆಸುವ ಬಟ್ಟೆಯೂ ಆಗಿದೆ. ಎಂಜಿನ್ ಎಣ್ಣೆ ಒರೆಸಲು ಅದು ಸೈ, ಬಣ್ಣದ ಮೈಗೆ ಮಾತ್ರ ತಾಗಿಸಬಾರದು. ಅದರಲ್ಲಿ ಸಿಕ್ಕಿಕೊಂಡ ಲೋಹದ ಪುಡಿ ಕಣ್ಣಿಗೆ ಕಾಣುವುದಿಲ್ಲ.

ಇಂದು ಕೊಲ್ಲಾಪುರದ ಹೆದ್ದಾರಿಯ ಇಕ್ಕೆಲದಲ್ಲಿ, ಊರೊಳಗಿನ ಸಂದಿಗಳಲ್ಲಿ ಕಾರಿಗೆ ಹೊಳಪು ತರುವ ಡೀಟೇಲಿಂಗ್ ಅಂಗಡಿಗಳು ಎದ್ದಿವೆ. ನಿಪ್ಪಾಣಿ, ಸಂಕೇಶ್ವರದವರೂ ಕಾರು ತಂದು ಬಿಡುತ್ತಾರೆ. ಒಳ್ಳೆಯ ಕೆಲಸಗಾರರು ಇದ್ದಾರೆ, ಅವರ ಶ್ರದ್ಧೆ ದೊಡ್ಡದು. ಮೊದಲು ತೊಳೆದು, ಜೇಡಿಮಣ್ಣಿನಂಥ ಕ್ಲೇ ಉಂಡೆಯಿಂದ ಅಂಟಿದ ಕಣಗಳನ್ನು ಎತ್ತಿ, ಮೀಟರ್ ಹಿಡಿದು ಬಾಗಿಲು ಬಾಗಿಲಿನ ದಪ್ಪ ಅಳೆದು, ಮೃದುವಾದ ಪ್ಯಾಡು, ಹಗುರ ಲೇಪದಿಂದ ಶುರು ಮಾಡುತ್ತಾರೆ. ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ ಹೋಗುತ್ತಾರೆ. ಆದರೆ ಗೀರಿಗೆ ಎಣ್ಣೆ-ಮೇಣ ತುಂಬಿಸಿ, ಮಾಯವಾಯಿತೆಂದು ತೋರಿಸಿ ಹಣ ಎಣಿಸಿಕೊಳ್ಳುವವರೂ ಇದ್ದಾರೆ. ನಾಲ್ಕು ಸಲ ತೊಳೆದರೆ ಗೀರು ಮತ್ತೆ ಹಾಜರು. ಸೆರಾಮಿಕ್ ಕೋಟಿಂಗ್ ಗೀರನ್ನು ಅಳಿಸುತ್ತದೆ ಎಂಬ ಮಾತಂತೂ ಸುಳ್ಳು. ಒಂದೆರಡು ಮೈಕ್ರಾನ್ ದಪ್ಪದ ಸಿಲಿಕಾ ಪೊರೆ ಅದು. ನೀರು ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ನಿಜ. ಗೀರಿನ ಮೇಲೆ ಹಚ್ಚಿದರೆ ಗೀರು ಅದರ ಕೆಳಗೆ ಭದ್ರವಾಗಿ ಉಳಿಯುತ್ತದೆ.

ಕಾರು ಇರುವವರಿಗೆ ನನ್ನದೊಂದು ಬಿನ್ನಹ. ಗೀರಿನ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಅದು ಪಾಲಿಶಿಗೆ ಬಗ್ಗುವ ಗೀರಲ್ಲ, ಟಚಪ್ಪೋ ಪೇಂಟೋ ಆಗಬೇಕು. ನೀರು ಹಚ್ಚಿದಾಗ ಮಾಯವಾಗಿ ಒಣಗಿದಾಗ ಮರಳಿ ಕಾಣುವ ಗೀರು ಕ್ಲಿಯರಿನೊಳಗಿನದು, ಅದು ಹೋಗುತ್ತದೆ. ಅಂಗಡಿಯಲ್ಲಿ ದಪ್ಪ ಅಳೆಯುವ ಮೀಟರ್ ಇದೆಯೇ ಎಂದು ಕೇಳಿ, ಕೆಲಸದ ಹಿಂದೆಮುಂದೆ ಎರಡು ಸಲ ಅಳೆಯಿಸಿ ಬರೆದುಕೊಳ್ಳಿ. ಕೊನೆಯ ಸಣ್ಣ ಗೀರೂ ಹೋಗಲೇಬೇಕೆಂದು ಹಟ ಹಿಡಿಯಬೇಡಿ. ಅದನ್ನು ಬಿಡುವವನೇ ನಿಜವಾದ ಕೆಲಸಗಾರ. ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ಗಾಡಿ ತೊಳೆಯುವಾಗ ಮೊದಲು ಪೈಪಿನಿಂದ ನೀರು ಹಾಯಿಸಿ ಧೂಳು ಇಳಿಸಿ, ಆಮೇಲೆ ಸೋಪು, ಆಮೇಲೆ ಬಟ್ಟೆ. ಸೋಪಿಗೊಂದು, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್ ಇಟ್ಟುಕೊಳ್ಳಿ. ಕಬ್ಬಿನ ಹಂಗಾಮು ಮುಗಿಯುವತನಕ ಕಾರಿಗೆ ಒಣಬಟ್ಟೆ ಮುಟ್ಟಿಸಲೇಬೇಡಿ.