ತಾಳೆ ತೋಟದ ಸೊಂಡಿಲು ಹುಳು

ಮಕ್ಕಳೇ, ಅಕ್ಕಿ ಡಬ್ಬಿಯಲ್ಲಿ ಚೂಪು ಮೂತಿಯ ಕಂದು ಹುಳುವನ್ನು ನೋಡಿದ್ದೀರಲ್ಲವೇ? ಅದು ಕಾಳು ಕೊರೆಯುವ ಸೊಂಡಿಲು ಹುಳು. ಅದರ ದೂರದ ನೆಂಟನೊಂದು ಶಿವಮೊಗ್ಗ, ಭದ್ರಾವತಿ ಸುತ್ತಿನ ಎಣ್ಣೆ ತಾಳೆ ತೋಟಗಳಲ್ಲಿ ರೈತರಿಗೆ ಸಹಾಯ ಮಾಡುತ್ತದೆ!

ಇದರ ವೈಜ್ಞಾನಿಕ ಹೆಸರು ಎಲೀಡೋಬಿಯಸ್ ಕ್ಯಾಮರೂನಿಕಸ್. ಎಲೀಸ್ ಎಂದರೆ ಎಣ್ಣೆ ತಾಳೆ. ಕ್ಯಾಮರೂನ್ ಆಫ್ರಿಕದ ಒಂದು ದೇಶ. ಹೆಸರಿನಲ್ಲೇ ಊಟವೂ ಇದೆ, ಊರೂ ಇದೆ.

ಗಟ್ಟಿಯಾದ ಮುಂರೆಕ್ಕೆಗಳಿರುವುದರಿಂದ ಇದು ಜೀರುಂಡೆಗಳ ಗಣವಾದ ಕೋಲಿಯಾಪ್ಟೆರಾಕ್ಕೆ ಸೇರಿದೆ. ಕುಟುಂಬ ಕರ್ಕ್ಯುಲಿಯೊನಿಡೆ. ದೇಹದ ಉದ್ದ ಸುಮಾರು 3ರಿಂದ 4 ಮಿ.ಮೀ., ಬಣ್ಣ ಕಪ್ಪುಗಂದು. ಗಂಡು ದೊಡ್ಡದು, ಅದರ ಮುಂರೆಕ್ಕೆಗಳ ಬುಡದಲ್ಲಿ ಎರಡು ಉಬ್ಬುಗಳೂ ಅಂಚಿನಲ್ಲಿ ಕೂದಲುಗಳೂ ಇರುತ್ತವೆ. ಹೆಣ್ಣಿನ ಮೂತಿ ಹೆಚ್ಚು ಉದ್ದ.

ತಾಳೆಯಲ್ಲಿ ಗಂಡು ಹೂಗೊಂಚಲು ಬೇರೆ, ಹೆಣ್ಣು ಹೂಗೊಂಚಲು ಬೇರೆ. ಹುಳುವಿಗೆ ಆಹಾರ ಸಿಗುವುದು ಗಂಡು ಹೂವಿನಲ್ಲಿ. ಹೆಣ್ಣು ಹೂವೂ ಅದೇ ಬಗೆಯ ಸೋಂಪಿನ ವಾಸನೆ ಬೀರುತ್ತದೆ. ಮೋಸಹೋದ ಹುಳು ಅಲ್ಲಿಗೂ ಹೋಗುತ್ತದೆ; ಮೈಗಂಟಿದ ಪರಾಗ ಅಲ್ಲಿ ಉದುರಿ ಕಾಯಿ ಕಟ್ಟುತ್ತದೆ.

ಮಲೇಷ್ಯಾದಲ್ಲಿ ಹಿಂದೆ ಕೂಲಿಯಾಳುಗಳು ಕೈಯಿಂದಲೇ ಪರಾಗ ಹಾಕುತ್ತಿದ್ದರು. 1981ರಲ್ಲಿ ಆಫ್ರಿಕದಿಂದ ತಂದ ಈ ಹುಳುವನ್ನು ಬಿಟ್ಟ ಮೇಲೆ ಆ ಕೆಲಸ ತಪ್ಪಿತು. 1985ರಲ್ಲಿ ಇದು ಕೇರಳಕ್ಕೆ ಬಂತು.

ಹೆಣ್ಣು ಹುಳು ಗಂಡು ಹೂಗಳಲ್ಲಿ ಮೊಟ್ಟೆಯಿಡುತ್ತದೆ. ಒಣಗುತ್ತಿರುವ ಗೊಂಚಲೇ ಮರಿಗಳ ಮನೆ. ಅದನ್ನು ಕಸವೆಂದು ಕಡಿದು ಸುಟ್ಟರೆ, ಹೂವಿಗೆ ಕೀಟನಾಶಕ ಹೊಡೆದರೆ ಹುಳು ಸಾಯುತ್ತದೆ, ಫಸಲೂ ಕುಗ್ಗುತ್ತದೆ. ನಿಮ್ಮೂರಿನಲ್ಲಿ ತಾಳೆ ತೋಟವಿದ್ದರೆ ಇದನ್ನು ಹಿರಿಯರಿಗೆ ತಿಳಿಸಿ.

ಮಾಡಿ ನೋಡಿ: ಅಕ್ಕಿಯ ಹುಳುವೊಂದನ್ನು ಭೂತಗನ್ನಡಿಯಲ್ಲಿ ನೋಡಿ. ಮೂತಿ, ಕುಡಿಮೀಸೆ, ಆರು ಕಾಲುಗಳನ್ನು ಗುರುತಿಸಿ ಚಿತ್ರ ಬರೆಯಿರಿ.